ಬದಲಾದದ್ದು ಹೆಸರೋ, ಸ್ಪೆಲ್ಲಿಂಗೋ?

2014ರ ನವೆಂಬರ್ 1ರಂದು ರಾಜ್ಯದ 12 ಊರುಗಳ ಹೆಸರು ಬದಲಾದಾಗ 'ಮ್ಯಾಂಗಲೋರ್' ಕೂಡ 'ಮಂಗಳೂರು' ಆಯಿತು. ಬಿಜಾಪುರ ವಿಜಯಪುರವಾದಂತೆ ಇಲ್ಲಿ ಕನ್ನಡದ ಹೆಸರೇನೂ ಬದಲಾಗಲಿಲ್ಲ. 1843ರಲ್ಲಿ ಹರ್ಮನ್ ಮೋಗ್ಲಿಂಗ್ ಹೊರತಂದ ಕನ್ನಡದ ಮೊದಲ ಪತ್ರಿಕೆಯ ಹೆಸರೇ 'ಮಂಗಳೂರ ಸಮಾಚಾರ'. ಬ್ರಿಟಿಷರ ಕಾಲದಲ್ಲೂ ನಮ್ಮ ಅಕ್ಷರದಲ್ಲಿ ಊರಿನ ಹೆಸರು ಉಳಿದೇ ಇತ್ತು. ತಿದ್ದಿದ್ದು ಇಂಗ್ಲಿಷ್ ಸ್ಪೆಲ್ಲಿಂಗ್ ಅಷ್ಟೆ.

ಇತ್ತ ಮಲ್ಪೆ ಬಂದರಿನಲ್ಲಿ ತುಳು ಮಾತಾಡುವವರಿಗೆ ಅದು ಇಂದಿಗೂ 'ಕುಡ್ಲ'. ಕೊಂಕಣಿಯಲ್ಲಿ 'ಕೊಡಿಯಾಲ್', ಬ್ಯಾರಿಯಲ್ಲಿ 'ಮೈಕಾಲ'. ಈ ಹೆಸರುಗಳಿಗೆ ಯಾವ ಗೆಜೆಟ್ ಅಧಿಸೂಚನೆಯೂ ಬೇಕಾಗಲಿಲ್ಲ. ಆಡುವವರಿದ್ದಾರೆ, ಹಾಗಾಗಿ ಉಳಿದಿವೆ.

ಹೊಸ ಸ್ಪೆಲ್ಲಿಂಗ್ ಸರಿಯಾದದ್ದೇ. ಆದರೆ ರೈಲು ನಿಲ್ದಾಣ 'ಮಂಗಳೂರು ಸೆಂಟ್ರಲ್' ಆದರೂ ವಿಶ್ವವಿದ್ಯಾನಿಲಯ, ರಿಫೈನರಿಗಳ ಇಂಗ್ಲಿಷ್ ಹೆಸರಿನಲ್ಲಿ 'ಮ್ಯಾಂಗಲೋರ್' ಹಾಗೇ ಇದೆ. ಅಂಕಪಟ್ಟಿಯಲ್ಲೊಂದು, ಆಧಾರ್‌ನಲ್ಲೊಂದು ಸ್ಪೆಲ್ಲಿಂಗ್ ಇದ್ದರೆ ಕೆಲಸಕ್ಕೆ ಆನ್‌ಲೈನ್ ಅರ್ಜಿ ತುಂಬುವ ನಮಗೆ ಗೊಂದಲ. ಎರಡೂ ಒಂದೇ ಊರೆಂದು ತಂತ್ರಾಂಶಕ್ಕೆ ಹೇಳಿಕೊಡುವುದು ಕಷ್ಟವೇನಲ್ಲ.

ಕಷ್ಟದ ಕೆಲಸ ಬೇರೆಯೇ ಇದೆ. ಪದವಿ ಮುಗಿಸಿ ಬೆಂಗಳೂರಿನ ರಾತ್ರಿ ಬಸ್ ಹತ್ತುವ ಉಡುಪಿ, ಕಾಪು, ಕಾರ್ಕಳದ ಯುವಜನರಿಗೆ ಕರಾವಳಿಯಲ್ಲೇ ಉದ್ಯೋಗ ಸಿಗಬೇಕು. ಊರನ್ನು ಅದರ ಹೆಸರಿನಿಂದ ಕರೆಯುವವರು ಊರಲ್ಲೂ ಇರಬೇಕಲ್ಲವೇ?