ತಂದೆಯವರ ಸೈಕಲ್ಲು



ಹಳೆಯ ಮನೆಗಳಲ್ಲಿ ಕೊಟ್ಟಿಗೆಯ ಮೂಲೆಯಲ್ಲೋ ಹಿತ್ತಲಿನ ಚಪ್ಪರದಲ್ಲೋ ಒಂದು ಸೈಕಲ್ಲು ಗೋಡೆಗೆ ಆನಿಕೊಂಡು ನಿಂತಿರುವುದುಂಟು. ಅದನ್ನು ಹತ್ತುವವರಿಲ್ಲ, ಗುಜರಿಗೆ ಹಾಕಲು ಯಾರಿಗೂ ಮನಸ್ಸಿಲ್ಲ. ನಮ್ಮ ಮನೆಯಲ್ಲಿಯೂ ಅಂಥದೊಂದಿತ್ತು. ನಮ್ಮ ತಂದೆಯವರು ಮಾಸ್ತರಿಕೆ ದೊರೆತ ವರ್ಷ, 1949ರಲ್ಲಿ ಕೊಂಡ ಇಂಗ್ಲೆಂಡಿನ ರ‍್ಯಾಲೆ ಸೈಕಲ್ಲು ಅದು. ನಿವೃತ್ತರಾಗುವವರೆಗೂ ಅವರು ಅದನ್ನು ಬಿಟ್ಟು ಬೇರೆ ವಾಹನ ಹತ್ತಿದವರಲ್ಲ. ಅವರು ತೀರಿಕೊಂಡ ಮೇಲೆ ಸೈಕಲ್ಲಿಗೆ ತುಕ್ಕೇ ಸಂಗಾತಿಯಾಯಿತು.

2025ರಲ್ಲಿ ತಂದೆಯವರ ನೂರನೆಯ ಜನ್ಮದಿನ ಬಂದಿತು. ಆ ಹೊತ್ತಿಗೆ ಸೈಕಲ್ಲನ್ನು ಮತ್ತೆ ಓಡುವಂತೆ ಮಾಡಬೇಕೆಂದು ಮನೆಯವರೆಲ್ಲ ಕೂಡಿ ನಿಶ್ಚಯಿಸಿದೆವು. ತೊಂಬತ್ತು ದಾಟಿದ ನಮ್ಮ ತಾಯಿಯವರು ಕುಳಿತಲ್ಲಿಂದಲೇ ಒಂದು ಮಾತು ಕೇಳಿದರು: “ಯಪ್ಪಾ, ಎಲ್ಲಾ ಹೊಸಾದು ಹಾಕಿದ್ರ ಅದು ಅವರ ಸೈಕಲ್ಲು ಹೆಂಗ ಆಗ್ತದ?” ಆ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಮುಂದಿನ ನಾಲ್ಕು ತಿಂಗಳು ಉತ್ತರವನ್ನು ಹುಡುಕುವುದೇ ನಮ್ಮ ಕೆಲಸವಾಯಿತು.

ಸೈಕಲ್ಲೆಂದರೆ ಎಲ್ಲವೂ ಒಂದೇ, ಯಾವ ಅಂಗಡಿಯ ಯಾವ ಸಾಮಾನಾದರೂ ಸರಿಹೊಂದೀತೆಂಬುದು ನಮ್ಮ ತಿಳಿವಳಿಕೆಯಾಗಿತ್ತು. ಅದು ತಪ್ಪೆಂದು ಮೊದಲು ತೋರಿಸಿಕೊಟ್ಟದ್ದು ಟಯರು. “ಇಪ್ಪತ್ತೆಂಟರ ಟಯರು ಕೊಡಿ” ಎಂದು ಕೇಳಿ ತಂದೆವು. ಎಷ್ಟು ಎಳೆದರೂ ಅದು ರಿಮ್ಮಿನ ಮೇಲೆ ಏರಲೊಲ್ಲದು. ಇಪ್ಪತ್ತೆಂಟೆಂಬ ಒಂದೇ ಹೆಸರಿನಲ್ಲಿ ಒಂದಕ್ಕಿಂತ ಹೆಚ್ಚು ಅಳತೆಗಳಿವೆಯಂತೆ. ನಮ್ಮ ಕಡೆಯ ಕರಿಯ ದೊಡ್ಡ ಸೈಕಲ್ಲುಗಳದು 28×1½. ಆ ಟಯರು ಕೂರುವ ರಿಮ್ಮಿನ ವ್ಯಾಸ 635 ಮಿಲಿಮೀಟರು. ಇಪ್ಪತ್ತೆಂಟೆಂದೇ ಕರೆಯಿಸಿಕೊಳ್ಳುವ ಇನ್ನೊಂದು ಟಯರು ಕೂರುವುದು 622 ಮಿಲಿಮೀಟರಿನ ರಿಮ್ಮಿನ ಮೇಲೆ. ನಡುವಣ ಅಂತರ ಹದಿಮೂರೇ ಮಿಲಿಮೀಟರು. ಆದರೆ ಬಲಪ್ರಯೋಗದಿಂದ ಅದನ್ನು ದಾಟುವಂತಿಲ್ಲ. ಈಚಿನ ಟಯರುಗಳ ಪಕ್ಕೆಯಲ್ಲಿ 40-635 ಎಂಬಂತೆ ಈ ಅಂಕಿಯನ್ನು ಅಚ್ಚೊತ್ತಿರುತ್ತಾರೆ. ಹೆಸರನ್ನು ನೋಡದೆ ಈ ಅಂಕಿಯನ್ನು ನೋಡಿ ಕೊಳ್ಳಬೇಕು. ಸಮಾಧಾನದ ಸಂಗತಿಯೆಂದರೆ 28×1½ರ ಟಯರು ನಮ್ಮ ದೇಶದಲ್ಲಿ ಇಂದಿಗೂ ತಯಾರಾಗುತ್ತಿದೆ.

ರಿಮ್ಮಿನ ಕಥೆಯೂ ಇಂಥದೇ. ಹಳೆಯ ಇಂಗ್ಲಿಷ್ ಸೈಕಲ್ಲಿನ ಮುಂದಿನ ಗಾಲಿಗೆ 32, ಹಿಂದಿನ ಗಾಲಿಗೆ 40 ಕಡ್ಡಿಗಳು. ಎರಡಕ್ಕೂ 36 ತೂತುಗಳಿರುವ ರಿಮ್ಮು ಎಷ್ಟೇ ಹೊಳೆಯುತ್ತಿದ್ದರೂ ನಮಗೆ ನಿರುಪಯೋಗಿ. ಚೈನಿನ ವಿಷಯದಲ್ಲಿ ಹಲ್ಲಿನ ದಪ್ಪ ಮುಖ್ಯ. ಗೇರಿನ ಸೈಕಲ್ಲಿನ ಚೈನು ಸಪೂರವಾದದ್ದು; ಅದು ಹಳೆಯ ದಪ್ಪ ಹಲ್ಲುಗಳ ಮೇಲೆ ಕೂರದು. ಅರ್ಧ ಇಂಚಿಗೊಂದು ಕೊಂಡಿಯಿದ್ದು, ಒಳಗಲ ಇಂಚಿನ ಎಂಟನೆಯ ಒಂದು ಭಾಗವಿರುವ ಚೈನನ್ನೇ ಕೇಳಿ ಪಡೆಯಬೇಕು.

ಇಷ್ಟರವರೆಗೆ ಹಣ ಮತ್ತು ಹೊತ್ತು ಮಾತ್ರ ಹೋಗಿದ್ದವು. ಮುಂದಿನದು ನಾವೇ ಮಾಡಿದ ತಪ್ಪು. ಇತರರಿಗೆ ಎಚ್ಚರಿಕೆಯಾಗಲೆಂದು ಅದನ್ನು ಮುಚ್ಚಿಡದೆ ಹೇಳುತ್ತೇವೆ.

ಎರಡು ಪೆಡಲುಗಳ ನಡುವೆ, ಚೌಕಟ್ಟಿನ ತಳದಲ್ಲಿ, ಒಂದು ಅಡ್ಡ ಕೊಳವೆಯಿದೆ. ಅದರೊಳಗೆ ಆಕ್ಸಲ್ಲು ತಿರುಗುತ್ತದೆ. ಕೊಳವೆಯ ಎರಡು ಬದಿಗೂ ಉಕ್ಕಿನ ಕಪ್‌ಗಳನ್ನು ತಿರುಪಿ ಕೂರಿಸಿ, ಒಂದೊಂದರಲ್ಲಿ ಕಾಲಿಂಚಿನ ಹನ್ನೊಂದು ಗುಂಡುಗಳನ್ನು ಇಟ್ಟಿರುತ್ತಾರೆ. ತುಳಿಯುವವನ ಬಲವನ್ನೆಲ್ಲ ಹೊರುವ ಜಾಗವಿದು. ನಮ್ಮ ಸೈಕಲ್ಲಿನ ಎಡಗಡೆಯ ಕಪ್ ಸವೆದು ಸೀಳಿತ್ತು. ಅದನ್ನು ಬಿಚ್ಚಿ ತೆಗೆದವರು ಉಳಿದ ತುಕ್ಕು ಸಾಮಾನಿನೊಂದಿಗೆ ಗುಜರಿಯವನಿಗೆ ಕೊಟ್ಟುಬಿಟ್ಟೆವು. ಹೊಸ ಕಪ್ ತಂದೆವು. ಅದೇ ಅಗಲ, ಅದೇ ಆಕಾರ. ಒಂದು ಸುತ್ತು ಸಲೀಸಾಗಿ ಒಳಹೊಕ್ಕಿತು. ಎರಡನೆಯ ಸುತ್ತಿಗೆ ಬಿಗಿಯಾಯಿತು. ತುಕ್ಕಿನ ದೆಸೆಯಿಂದ ಹೀಗಾಗಿರಬೇಕೆಂದು ಪಾನೆಗೆ ಕೊಳವೆ ಸಿಕ್ಕಿಸಿ ಬಲ ಹಾಕಿದೆವು. ಒಳಗಿನಿಂದ ಕಿರ್ರೆಂಬ ಸದ್ದು ಬಂದಿತು.

ಸೈಕಲ್ಲನ್ನು ಊರಿನ ವೃದ್ಧ ಮಿಸ್ತ್ರಿಯವರ ಬಳಿಗೆ ಒಯ್ದಾಗ ಅವರು ಕಪ್ಪನ್ನು ಮೆಲ್ಲಗೆ ಹಿಂದಕ್ಕೆ ತಿರುಪಿ ತೆಗೆದು, ಬೆರಳಿನಿಂದ ಕೊಳವೆಯ ಒಳಗನ್ನು ಸವರಿ, “ಹಳೇದು ಎಲ್ಲೈತ್ರಿ?” ಎಂದರು. ಗುಜರಿಗೆ ಹೋಯಿತೆಂದೆವು. “ಅಳತಿನೇ ಮಾರಿ ಬಂದ್ರಲ್ರಿ!” ಎಂದು ಅವರು ನಿಟ್ಟುಸಿರಿಟ್ಟರು.

ಅವರು ವಿವರಿಸಿದ ಮೇಲೆ ನಮಗೆ ತಿಳಿಯಿತು. ಇಂಗ್ಲೆಂಡಿನ ಹೆಚ್ಚಿನ ತಯಾರಕರು ಈ ಕಪ್ಪಿಗೆ ಇಂಚಿಗೆ 24 ಸುತ್ತುಗಳ ತಿರುಪನ್ನು ಒಪ್ಪಿಕೊಂಡಿದ್ದರು. ರ‍್ಯಾಲೆ ಕಂಪನಿಯು ಇಂಚಿಗೆ 26 ಸುತ್ತುಗಳ ತನ್ನದೇ ಅಳತೆಯನ್ನು ಬಹುಕಾಲ ನಡೆಸಿಕೊಂಡು ಬಂದಿತು. ಅಗಲದಲ್ಲಿ ಎರಡೂ ಅವಳಿ-ಜವಳಿ. ಕಣ್ಣಿಗೆ ವ್ಯತ್ಯಾಸ ಕಾಣದು, ಉಕ್ಕಿಗೆ ತಿಳಿಯುತ್ತದೆ. ಬಲ ಹಾಕಿದರೆ ಹೊಸದು ಹಳೆಯದರ ಎಳೆಗಳನ್ನು ಕತ್ತರಿಸಿಕೊಂಡು ಒಳಹೋಗುತ್ತದೆ. ಆಮೇಲೆ ಸರಿಯಾದ ಕಪ್ ಸಿಕ್ಕರೂ ನಿಲ್ಲುವ ನೆಲೆ ಇರುವುದಿಲ್ಲ. ನಾವು ಕೆಡಿಸಿದ್ದು ಎರಡೇ ಸುತ್ತು ಎಂಬುದು ನಮ್ಮ ಪುಣ್ಯ.

ಹೊಸ ಕಪ್ ಎಲ್ಲಿಂದ ತರುವುದು? ನಾಟಿಂಗ್‌ಹ್ಯಾಮಿನಲ್ಲಿ ರ‍್ಯಾಲೆ ಸೈಕಲ್ಲುಗಳ ತಯಾರಿಕೆ 2002ರ ಹೊತ್ತಿಗೇ ನಿಂತುಹೋಗಿದೆ. ಅಸನ್ಸೋಲಿನಲ್ಲಿ 1950ರ ದಶಕದಲ್ಲಿ ಕೆಲಸ ಆರಂಭಿಸಿದ್ದ ಸೆನ್-ರ‍್ಯಾಲೆ ಕಾರ್ಖಾನೆಯೂ ಈಗಿಲ್ಲ. ಉಳಿದದ್ದು ಹಳೆಯ ಸಾಮಾನಿನ ದಾರಿಯೊಂದೇ. ಹುಬ್ಬಳ್ಳಿಯ ಗುಜರಿ ಅಂಗಡಿಗಳನ್ನು ಮೂರು ಭಾನುವಾರ ಸುತ್ತಿದೆವು. ಈ ಸಲ ಬರಿಗೈಯಲ್ಲಿ ಹೋಗಲಿಲ್ಲ. ಸೈಕಲ್ಲಿನ ಹ್ಯಾಂಡಲ್ ಕತ್ತಿನಲ್ಲಿದ್ದ ಉಂಗುರವೊಂದನ್ನು ಮಿಸ್ತ್ರಿಯವರು ಬಿಚ್ಚಿ ಕೊಟ್ಟಿದ್ದರು. ಅದರದೂ 26 ಸುತ್ತಿನ ತಿರುಪೇ. ಅವರು ಹೇಳಿಕೊಟ್ಟ ಪರೀಕ್ಷೆ ಬಲು ಸುಲಭ. ಹೊರತಿರುಪಿರುವ ಎರಡು ಭಾಗಗಳನ್ನು ಪಕ್ಕ ಪಕ್ಕ ಒತ್ತಿ ಬೆಳಕಿಗೆ ಹಿಡಿಯಬೇಕು. ಒಂದರ ಏಣು ಇನ್ನೊಂದರ ಸಂದಿನಲ್ಲಿ ಉದ್ದಕ್ಕೂ ಕೂತು ನಡುವೆ ಬೆಳಕು ಹಾಯದಿದ್ದರೆ ಅಳತೆ ಒಂದೇ. ತಿರುಪು ಒಳಗಡೆಯಿದ್ದರೆ ಕೈಯಿಂದಲೇ ತಿರುಪಿ ನೋಡಬೇಕು. ಕೈಗೆ ಒಲಿಯದ್ದಕ್ಕೆ ಪಾನೆ ಹಾಕಬಾರದು.

ಮೂರನೆಯ ಭಾನುವಾರ, ಮುರಿದ ರ‍್ಯಾಲೆ ಚೌಕಟ್ಟೊಂದರ ಜೊತೆಗೆ ಎರಡು ಎಡಗಡೆಯ ಕಪ್‌ಗಳು ದೊರೆತವು. ಒಂದು ಸವೆದದ್ದು, ಇನ್ನೊಂದು ಚೆನ್ನಾಗಿದ್ದುದು. ಮಿಸ್ತ್ರಿಯವರು ಎರಡನ್ನೂ ಬಳಸಿದರು. ಸವೆದ ಕಪ್ಪಿಗೆ ಅಡ್ಡಗೀರು ಕೊರೆದು, ಅದನ್ನು ಎಣ್ಣೆ ಹಾಕಿ ಒಳಗೂ ಹೊರಗೂ ತಿರುಪುತ್ತ, ನಾವು ಕೆಡಿಸಿದ ಎಳೆಗಳನ್ನು ಅದರಿಂದಲೇ ತಿದ್ದಿದರು. ಬಳಿಕ ಒಳ್ಳೆಯದನ್ನು ಕೂರಿಸಿದರು. ಅದು ಬೆರಳಿನ ಬಲಕ್ಕೇ ಒಳಸೇರಿತು. ಕೆಲಸಕ್ಕೆ ಬಾರದ್ದೆಂದು ನಾವು ಎಣಿಸಿದ ವಸ್ತುವೇ ನಮ್ಮ ತಪ್ಪನ್ನು ಸರಿಪಡಿಸಿತು.

ಅವರಿಂದ ಕಲಿತ ಇನ್ನೂ ಕೆಲವನ್ನು ಇಲ್ಲಿ ಬರೆಯುತ್ತೇವೆ. ಇಂಗ್ಲಿಷ್ ಸೈಕಲ್ಲುಗಳಲ್ಲಿ ಬಲಗಡೆಯ ಕಪ್ಪಿಗೂ ಎಡಗಡೆಯ ಪೆಡಲಿಗೂ ತಿರುಪು ವಿರುದ್ಧ ದಿಕ್ಕಿನದು. ಇದನ್ನರಿಯದೆ ಬಿಚ್ಚಲು ಹೋಗಿ ಬಿಗಿಮಾಡಿ ಮುರಿದವರುಂಟು. ಪೆಡಲಿನ ತೋಳನ್ನು ಹಿಡಿದಿರುವ ಕಾಟರ್ ಪಿನ್ನುಗಳಲ್ಲಿ 9 ಮಿಲಿಮೀಟರಿನವೂ ಇವೆ, 9.5 ಮಿಲಿಮೀಟರಿನವೂ ಇವೆ. ನಮ್ಮದಕ್ಕೆ ಬೇಕಾದದ್ದು 9.5. ಎರಡು ಪಿನ್ನುಗಳನ್ನು ಎದುರುಬದುರು ದಿಕ್ಕಿನಿಂದ ಹಾಕದಿದ್ದರೆ ಪೆಡಲುಗಳು ಒಂದೇ ಸರಳರೇಖೆಗೆ ಬರುವುದಿಲ್ಲ. ಗುಂಡುಗಳನ್ನು ಬದಲಿಸುವಾಗ ಎಲ್ಲವನ್ನೂ ಒಟ್ಟಿಗೇ ಬದಲಿಸಬೇಕು. ಹಳೆಯವು ಸವೆದು ಕಿರಿದಾಗಿರುತ್ತವೆ. ಅವುಗಳ ನಡುವೆ ಹೊಸದೊಂದನ್ನು ಸೇರಿಸಿದರೆ ಭಾರವೆಲ್ಲ ಆ ಒಂದರ ಮೇಲೆ ಬೀಳುತ್ತದೆ. ಮನೆಯ ಭಾರದಲ್ಲಿಯೂ ಇದೇ ನ್ಯಾಯವಲ್ಲವೇ?

ಜನ್ಮದಿನದಂದು ಸೈಕಲ್ಲನ್ನು ಅಂಗಳಕ್ಕೆ ತಂದೆವು. ಟಯರು, ಟ್ಯೂಬು, ಚೈನು, ಗುಂಡು, ಪಿನ್ನು ಇವು ಹೊಸವು. ಕಪ್ ಮತ್ತೊಬ್ಬರ ಸೈಕಲ್ಲಿನದು. ಚೌಕಟ್ಟು, ಹ್ಯಾಂಡಲ್ಲು, ಕೊಕ್ಕರೆಯ ತಲೆಗಳನ್ನು ಬಿಡಿಸಿರುವ ಹಲ್ಲುಚಕ್ರ, ಗಂಟೆ ಇವೆಲ್ಲ ತಂದೆಯವರ ಕಾಲದವೇ. ಬಣ್ಣ ಬಳಿಸಲಿಲ್ಲ. ಹ್ಯಾಂಡಲ್ಲಿನಲ್ಲಿ ಅವರು ಚೀಲ ತೂಗುಹಾಕುತ್ತಿದ್ದ ಕಡೆ ಸವೆದು ಬಿಳುಪಾಗಿದ್ದ ಗುರುತು ಹಾಗೆಯೇ ಉಳಿಯಿತು. ತಾಯಿಯವರು ಬೇರೆ ಏನನ್ನೂ ಕೇಳದೆ ಆ ಗುರುತನ್ನು ಬೆರಳಿನಿಂದ ಮುಟ್ಟಿ ನೋಡಿದರು. ಆಮೇಲೆ ಗಂಟೆ ಬಾರಿಸಿ, “ಅವರದೇ ಅದ” ಎಂದರು.

ನಿಮ್ಮ ಮನೆಯಲ್ಲಿಯೂ ಇಂಥದೊಂದು ಸೈಕಲ್ಲಿದ್ದು, ಅದನ್ನು ಎಬ್ಬಿಸುವ ಮನಸ್ಸಾದರೆ, ಒಂದೇ ಮಾತನ್ನು ನೆನಪಿಡಿ. ಬಿಚ್ಚಿದ ಪ್ರತಿಯೊಂದು ಭಾಗವನ್ನೂ ಎಷ್ಟೇ ಕೆಟ್ಟಿರಲಿ, ಹೆಸರು ಬರೆದ ಚೀಟಿಯೊಂದಿಗೆ ಬಟ್ಟೆಯಲ್ಲಿ ಕಟ್ಟಿಡಿ. ಅಂಗಡಿಗೆ ಹೋಗುವಾಗ ಅದನ್ನೇ ಕೈಯಲ್ಲಿ ಹಿಡಿದುಕೊಂಡು ಹೋಗಿ. ಹೊಸದು ಅದರ ಜಾಗದಲ್ಲಿ ಕೂತು ತಿರುಗುವವರೆಗೆ ಹಳೆಯದನ್ನು ಮನೆಯಿಂದ ಹೊರಗೆ ಕಳುಹಿಸಬೇಡಿ.