ಪುರಪಿತೃಗಳೇ, ಲೆಕ್ಕವನ್ನು ಗೋಡೆಗೆ ಬರೆಯಿರಿ

ಸಂತೆಯಲ್ಲಿ ಸೊಪ್ಪಿನ ಪುಟ್ಟಿ ಇಳಿಸಿದ ಮುದುಕಿಯ ಎದುರು ಸುಂಕದವನು ಬಂದು ನಿಲ್ಲುತ್ತಾನೆ. ಅವಳಿಗಿನ್ನೂ ಬೋಣಿ ಆಗಿರೋದಿಲ್ಲ. 'ಆಮೇಲೆ ಕೊಡ್ತೀನಿ ಕಣಪ್ಪಾ' ಅಂದರೆ ಪುಟ್ಟಿಗೇ ಕೈ ಹಾಕುತ್ತಾನೆ. ನಮ್ಮ ಊರುಗಳಲ್ಲಿ ಬಡವರ ಮೇಲಿನ ಉಸ್ತುವಾರಿ ಇದು. ಇದಕ್ಕೆ ರಜೆಯಿಲ್ಲ, ಮರೆವಿಲ್ಲ, ಕರುಣೆಯಂತೂ ಮೊದಲೇ ಇಲ್ಲ.

ಅದೇ ಸಂತೆಯ ಬೆನ್ನಿಗೆ ಪುರಸಭೆಯ ಮಳಿಗೆಗಳಿವೆ. ಜನರ ಜಾಗ, ಜನರ ದುಡ್ಡಿನ ಗೋಡೆ. ಒಳಗೆ ಕೂತವರು ಯಾರು? ಬಾಡಿಗೆ ಎಷ್ಟು, ಬಾಕಿ ಎಷ್ಟು? ಬಾಡಿಗೆಯ ಮೇಲಿನ ತೆರಿಗೆ ಕಟ್ಟಿದ್ದಾರೋ ಇಲ್ಲವೋ? ಕೇಳಿ ನೋಡಿ. ಕಡತ ಸಿಗ್ತಿಲ್ಲ, ಸಾಹೇಬರು ಮೀಟಿಂಗಿನಲ್ಲಿದ್ದಾರೆ, ನಾಳೆ ಬನ್ನಿ.

ಗೆಳೆಯರೆ, ತೆರಿಗೆಯ ಮಾತು ನಮಗ್ಯಾಕೆ ಅನ್ನಬೇಡಿ. ಅಕ್ಷರದ ಜೊತೆಗೆ ಲೆಕ್ಕವನ್ನೂ ನಮ್ಮಿಂದ ಮುಚ್ಚಿಟ್ಟವರ ನಾಡಿದು. ಬಾಬಾಸಾಹೇಬರು ಬ್ರಿಟಿಷ್ ಭಾರತದ ಪ್ರಾಂತ್ಯಗಳ ಹಣಕಾಸಿನ ಮೇಲೆಯೇ ಒಂದು ಗ್ರಂಥ ಬರೆದು 1925ರಲ್ಲಿ ಪ್ರಕಟಿಸಿದರು. ಸರ್ಕಾರದ ದುಡ್ಡು ಯಾರ ಬೆವರಿನಿಂದ ಬಂದು ಯಾರ ತಿಜೋರಿ ಸೇರುತ್ತದೆ ಎಂದು ಕೇಳುವುದು ಅವರು ನಮಗೆ ಬಿಟ್ಟುಹೋದ ಕೆಲಸ.

ಕಾನೂನನ್ನೇ ಬಿಡಿಸಿ ನೋಡೋಣ. 2017ರ ಜುಲೈ 1ರಂದು ಜಿಎಸ್‌ಟಿ ಬಂತು. ಅಂಗಡಿ ಬಾಡಿಗೆಯ ಮೇಲೆ ನೂರಕ್ಕೆ 18. 2018ರ ಜನವರಿಯಲ್ಲಿ ಇನ್ನೊಂದು ಅಧಿಸೂಚನೆ ಬಂತು. ಪುರಸಭೆಯ ಮಳಿಗೆ ಹಿಡಿದವನು ಜಿಎಸ್‌ಟಿ ನೋಂದಣಿಯಾದ ವ್ಯಾಪಾರಿಯಾದರೆ ಪುರಸಭೆ ಅವನಿಂದ ಈ ತೆರಿಗೆ ವಸೂಲು ಮಾಡುವಂತಿಲ್ಲ. ಅವನೇ ಲೆಕ್ಕ ಹಾಕಿ ಸರ್ಕಾರಕ್ಕೆ ಕಟ್ಟಬೇಕು. ನೋಂದಣಿಯಿಲ್ಲದ ಚಿಕ್ಕವನಾದರೆ, ಜಿಎಸ್‌ಟಿಗೆ ಒಳಪಟ್ಟ ಪುರಸಭೆ ಬಾಡಿಗೆ ಚೀಟಿಯಲ್ಲೇ ತೆರಿಗೆ ಸೇರಿಸಿ ಹಿಡಿಯಬೇಕು. ಅಂದರೆ ದೊಡ್ಡವನ ಮಾತಿಗೆ ನಂಬಿಕೆ, ಚಿಕ್ಕವನ ಕುತ್ತಿಗೆಗೆ ಚೀಟಿ.

ಚಪ್ಪಲಿ ಹೊಲಿಯುವ ನಮ್ಮವನೊಬ್ಬ ತಿಂಗಳಿಗೆ 3,000 ರೂಪಾಯಿ ಬಾಡಿಗೆಗೆ ಮಳಿಗೆ ಹಿಡಿದ ಅನ್ನಿ. ತೆರಿಗೆ 540. ವರ್ಷಕ್ಕೆ 6,480. ಪಕ್ಕದ ಧಣಿಯ ಬಾಡಿಗೆ ಲಕ್ಷ, ತೆರಿಗೆ 18,000. ಆದರೆ ಧಣಿ ಅದನ್ನು ತನ್ನ ಮಾರಾಟದ ತೆರಿಗೆಯಲ್ಲಿ ವಜಾ ಹಾಕಿಕೊಳ್ಳಬಹುದು. ನಮ್ಮವನು ಎಲ್ಲಿ ವಜಾ ಹಾಕಬೇಕು? ಮಕ್ಕಳ ತಟ್ಟೆಯಲ್ಲಿ.

ಸ್ಥಳೀಯ ಸಂಸ್ಥೆಗಳು ಚಿಕ್ಕ ವ್ಯಾಪಾರಿಗೆ ಕೊಡುವ ಬೇರೆ ಎಷ್ಟೋ ಸೇವೆಗಳಿಗೆ ವಿನಾಯಿತಿ ಇದೆ. ಮಳಿಗೆ ಬಾಡಿಗೆಯನ್ನು ಮಾತ್ರ ಆ ವಿನಾಯಿತಿಯಿಂದ ಹೊರಗಿಟ್ಟಿದ್ದಾರೆ. ಹೊರಗಿಡೋದು ಈ ದೇಶಕ್ಕೆ ಹೊಸ ವಿದ್ಯೆಯೇನಲ್ಲ ಬಿಡಿ.

ಬಂಡವಾಳಶಾಹಿಗಳ ರಾಜಧಾನಿ ನ್ಯೂಯಾರ್ಕಿನಲ್ಲೂ 1963ರಿಂದ ಅಂಗಡಿ ಬಾಡಿಗೆಗೆ ನಗರದ ತೆರಿಗೆ ಇದೆ. ಈಗ ಅದು ಮ್ಯಾನ್‌ಹಟನ್ನಿನ 96ನೇ ಬೀದಿಯಿಂದ ದಕ್ಷಿಣಕ್ಕೆ ಮಾತ್ರ. ವರ್ಷದ ಬಾಡಿಗೆ ಎರಡೂವರೆ ಲಕ್ಷ ಡಾಲರ್ ಮುಟ್ಟದಿದ್ದರೆ ತೆರಿಗೆಯೇ ಇಲ್ಲ. ಅಲ್ಲಿ ಧರ್ಮರಾಯ ಕೂತಿದ್ದಾನೆ ಅಂತ ನಾವು ಹೇಳುತ್ತಿಲ್ಲ. ಅಲ್ಲಿ ಚಿಕ್ಕವನನ್ನು ಬಿಡಲು ಗೆರೆ ಎಳೆದರು. ಇಲ್ಲಿ ಚಿಕ್ಕವನನ್ನು ಹಿಡಿಯಲು ಎಳೆದರು. ನಾವು ಹೇಳುವುದು ಇಷ್ಟೇ.

ಇನ್ನು ಪುರಪಿತೃಗಳ ಜಾಣತನ. ಈ 18ರಲ್ಲಿ ಅರ್ಧ ಕೇಂದ್ರಕ್ಕೆ, ಅರ್ಧ ರಾಜ್ಯಕ್ಕೆ. ಪುರಸಭೆಗೆ ನೇರ ಪಾಲಿಲ್ಲ. ಹಾಗಾಗಿ 'ಅದು ತೆರಿಗೆ ಇಲಾಖೆ ನೋಡಿಕೊಳ್ಳುತ್ತೆ' ಅಂತ ಕೈ ತೊಳೆಯುತ್ತಾರೆ. ಸರಿ ಸ್ವಾಮಿ, ಬಾಡಿಗೆಯಾದರೂ ನಿಮ್ಮದಲ್ಲವೆ? ಅದರ ಬಾಕಿ ಕೇಳಿದರೂ ಬಾಯಿ ಬಿಡೋದಿಲ್ಲ. ಚರಂಡಿಗಿಳಿಯುವ ಪೌರಕಾರ್ಮಿಕ ಸಂಬಳ ಕೇಳಿದಾಗ ಮಾತ್ರ 'ಖಜಾನೆ ಖಾಲಿ' ಅನ್ನೋದಕ್ಕೆ ನಾಲಗೆ ಹೊರಳುತ್ತದೆ.

ಮೀಸಲು ಮಳಿಗೆಯ ಕತೆಯನ್ನೂ ನಾವು ಕಂಡಿದ್ದೇವೆ. ಕಾಗದದಲ್ಲಿ ನಮ್ಮವನ ಹೆಸರು, ಗಲ್ಲಾಪೆಟ್ಟಿಗೆಯ ಮುಂದೆ ಒಳಬಾಡಿಗೆಯ ಇನ್ನೊಬ್ಬ. ಲಾಭ ಕೂತವನಿಗೆ, ಬಾಕಿಯ ನೋಟಿಸು ಹೆಸರಿನವನಿಗೆ. ಹೆಸರು ಕೊಟ್ಟ ನಮ್ಮವನ ತಪ್ಪನ್ನು ನಾವು ಮುಚ್ಚುವುದಿಲ್ಲ. ಆದರೆ ಸಾಲ ಹುಟ್ಟದವನಿಗೆ ನಾಲ್ಕು ಗೋಡೆ ಕೊಟ್ಟು ಬಂಡವಾಳ ಕೊಡದವರು ಯಾರು?

ನಾವು ಕೇಳುವುದು ಭಿಕ್ಷೆಯಲ್ಲ. ಪ್ರತಿ ಪುರಸಭೆಯ ಹೊರಗೋಡೆಯ ಮೇಲೆ ಮಳಿಗೆ ಸಂಖ್ಯೆ, ಹಿಡಿದವನ ಹೆಸರು, ಬಾಡಿಗೆ, ಬಾಕಿ, ತೆರಿಗೆ ಕಟ್ಟಬೇಕಾದವರು ಯಾರು ಎಂಬುದನ್ನು ಬರೆಯಿರಿ. ಕೇಳದೆಯೇ ಮಾಹಿತಿ ಪ್ರಕಟಿಸಿ ಅಂತ 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಮೇ ಹೇಳುತ್ತದೆ. ನೋಂದಣಿಯಾದ ಬಾಡಿಗೆದಾರರ ಪಟ್ಟಿಯನ್ನು ತೆರಿಗೆ ಇಲಾಖೆಯ ಪಟ್ಟಿಯ ಜೊತೆ ಪ್ರತಿವರ್ಷ ತಾಳೆ ನೋಡಿ. ನೋಂದಣಿಯ ಮಿತಿಗಿಂತ ಕೆಳಗಿರುವವನ ಮಳಿಗೆ ಬಾಡಿಗೆಗೆ ತೆರಿಗೆ ಬೇಡ ಎಂದು ಜಿಎಸ್‌ಟಿ ಮಂಡಳಿಯಲ್ಲಿ ಕರ್ನಾಟಕ ಬಾಯಿ ಬಿಡಲಿ. ಅಲ್ಲಿ ನಮಗೂ ಒಂದು ಕುರ್ಚಿ ಇದೆ.

ಗೋಡೆಗೆ ಬರೆಯಲು ಸುಣ್ಣ ಇಲ್ಲ ಅನ್ನುತ್ತೀರಾ? ನಾವೇ ತರುತ್ತೇವೆ. ಊರಿನ ಗೋಡೆಗಳಿಗೆ ಇಷ್ಟು ಕಾಲ ಸುಣ್ಣ ಬಳಿದವರು ನಾವೇ. ಈ ಸಲ ಬಳಿದ ಮೇಲೆ ಓದಿಯೂ ಓದುತ್ತೇವೆ.