ಮೇಸ್ತ್ರಿಯ ಪುಸ್ತಕದಲ್ಲಿ ಇಲ್ಲದ ಹೆಸರು

ಜರ್ಮನಿಯ ಮಟಿಲ್ಡೆ ಅನೆಕೆ ಎಂಬ ಹೆಣ್ಣುಮಗಳು 1849ರಲ್ಲಿ ಅಲ್ಲಿನ ಕ್ರಾಂತಿ ಸೋತ ಮೇಲೆ ಗಂಡನೊಡನೆ ದೇಶ ಬಿಟ್ಟು ಅಮೆರಿಕ ಸೇರಿದಳು. 1852ರಲ್ಲಿ ಮಿಲ್ವಾಕಿ ಪಟ್ಟಣದಲ್ಲಿ ಹೆಂಗಸರಿಗಾಗಿ ಜರ್ಮನ್ ಭಾಷೆಯ ಪತ್ರಿಕೆ ಹೊರಡಿಸಿ, ಅಚ್ಚಿನ ಮೊಳೆ ಜೋಡಿಸಲು ಹೆಂಗಸರನ್ನೇ ಇಟ್ಟುಕೊಂಡಳು. ಇದಕ್ಕೆ ಅಡ್ಡ ಬಂದವರು ಯಾರು ಗೊತ್ತೇ? ಆ ಊರಿನ ಅಚ್ಚುಕೂಟಗಳ ಗಂಡಸು ಕೆಲಸಗಾರರೇ! ಕೊನೆಗೆ ಅವಳು ಆ ಊರನ್ನೇ ಬಿಡಬೇಕಾಯಿತು. ಮುಂದೆ ಮಿಲ್ವಾಕಿಗೆ ಮರಳಿ, ಹುಡುಗಿಯರ ಶಾಲೆ ನಡೆಸಿ, 1884ರಲ್ಲಿ ತೀರಿಕೊಂಡಳು.

ಆಕೆ ಬರೆಯಬಲ್ಲವಳು, ಹೆಸರು ಉಳಿಯಿತು. ನಮ್ಮ ಶಿಕಾರಿಪುರ, ಸೊರಬ ಸೀಮೆಯ ತಾಂಡಾಗಳಿಂದ ದುಡಿಯಲು ಗುಳೆ ಹೋಗುವ ಲಂಬಾಣಿ ಹೆಣ್ಣುಮಗಳ ಹೆಸರನ್ನು ಯಾರು ಬರೆದಿಟ್ಟಿದ್ದಾರೆ?

ಮೆಕ್ಕೆಜೋಳ ಮುರಿದಾದ ಮೇಲೆ ಮಳೆ ನಂಬಿದ ಹೊಲದಲ್ಲಿ ಕೆಲಸವಿಲ್ಲ. ಆಗ ಮೇಸ್ತ್ರಿ ಮುಂಗಡ ಹಿಡಿದು ತಾಂಡಾಕ್ಕೆ ಬರುತ್ತಾನೆ. ಚಿಕ್ಕಮಗಳೂರು, ಕೊಡಗಿನಲ್ಲಿ ಕಾಫಿ ಹಣ್ಣು ಬಿಡಿಸುವ ಕಾಲ. ಮೊದಲು ಅರೇಬಿಕಾ, ಅದರ ಹಿಂದೆಯೇ ರೊಬಸ್ಟಾ. ಕೆಲವರು ಮಂಡ್ಯದ ಕಬ್ಬಿನ ಗದ್ದೆಗೆ ಹೋಗುತ್ತಾರೆ. ಸಮುದ್ರ ದಾಟಬೇಕಿಲ್ಲ, ಒಂದು ರಾತ್ರಿಯ ಪ್ರಯಾಣ. ಆದರೂ ಅದು ಅವಳಿಗೆ ಪರದೇಶವೇ. ಮನೆಮಾತು ಅಲ್ಲಿ ನಡೆಯದು, ನೆರೆಹೊರೆಯಿಲ್ಲ. ಚಳಿಯಲ್ಲೆದ್ದು ಅಡುಗೆ ಮಾಡಿ, ಕೂಸನ್ನು ಗಿಡದ ನೆರಳಿನಲ್ಲಿ ಮಲಗಿಸಿ, ಹೊತ್ತು ಇಳಿಯುವವರೆಗೆ ಹಣ್ಣು ಬಿಡಿಸಬೇಕು.

ಲೆಕ್ಕಕ್ಕೆ ಬಂದಾಗ ಅವಳು ಮಾಯ! ಮುಂಗಡ ಗಂಡನ ಹೆಸರಿಗೆ, ತೂಕವೂ ಗಂಡನ ಹೆಸರಿಗೆ. ಬೆಳಗಾವಿ, ಮಹಾರಾಷ್ಟ್ರದ ಕಡೆ ಕಬ್ಬು ಕಡಿಯುವ ಗಂಡಹೆಂಡಿರನ್ನು ಸೇರಿಸಿ ‘ಒಂದು ಕೊಯ್ತಾ’ ಎಂದು ಎಣಿಸುತ್ತಾರೆ. ಕೊಯ್ತಾ ಎಂದರೆ ಕತ್ತಿ. ಇಬ್ಬರು ಮನುಷ್ಯರು, ಎಣಿಕೆಗೆ ಒಂದೇ ಕತ್ತಿ!

ಕಾನೂನು ಬಂದಿರಲಿಲ್ಲವೇ? ಬಂದಿತ್ತು. 50 ಮಂದಿ ಹೆಂಗಸರು ದುಡಿಯುವ ತೋಟದಲ್ಲಿ ಶಿಶುವಿಹಾರ ಬೇಕೆಂದು, ಮೇಸ್ತ್ರಿ ಕರೆತಂದವರೂ ಆ ಲೆಕ್ಕಕ್ಕೆ ಸೇರುತ್ತಾರೆಂದು ತೋಟಗಾರಿಕೆ ಕಾರ್ಮಿಕರ 1951ರ ಕಾಯ್ದೆ ಹೇಳಿತ್ತು. ಸಮಾನ ಕೆಲಸಕ್ಕೆ ಸಮಾನ ಕೂಲಿ ಎಂದು 1976ರ ಕಾಯ್ದೆ ಸಾರಿತ್ತು. ವಲಸೆ ಕಾರ್ಮಿಕರಿಗೆಂದೇ 1979ರಲ್ಲಿ ಬಂದ ಕಾಯ್ದೆ ರಾಜ್ಯದ ಗಡಿ ದಾಟಿದವರಿಗೆ ಮಾತ್ರ ಅನ್ವಯಿಸುತ್ತಿತ್ತು. ಶಿಕಾರಿಪುರದಿಂದ ಚಿಕ್ಕಮಗಳೂರಿಗೆ ಹೋದವಳು ಅದರ ಕಣ್ಣಿಗೆ ವಲಸೆಗಾರಳೇ ಅಲ್ಲ. ಇನ್ನು, ಪುಸ್ತಕದಲ್ಲಿ ಹೆಸರೇ ಇಲ್ಲದವಳು ಯಾವ ಕಾನೂನು ಹಿಡಿದು ಯಾರನ್ನು ಕೇಳಬೇಕು?

ಅಂಗಡಿಯ ಬಂಧುಗಳೇ, ನಿಮ್ಮ ಉದ್ರಿ ಪುಸ್ತಕ ತೆಗೆದು ನೋಡಿ. ಗುಳೆ ಹೋದವರು ಮರಳಿ ಬಂದಾಗ ತೀರುವ ಬಾಕಿಯಲ್ಲಿ ಅವಳ ಬೆವರೂ ಇದೆ. ಮಿಲ್ಲಿನ ಗೆಳೆಯರೇ, ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದಿದ್ದರೆ ಕೂಲಿಯೂ ಇಲ್ಲ, ಗಾಯವಾದರೆ ಪರಿಹಾರವೂ ಇಲ್ಲ ಎಂಬುದು ನಿಮಗೆ ಯಾರೂ ಕಲಿಸಬೇಕಾದ ಪಾಠವಲ್ಲ.

ಬೇಕಾದದ್ದು ಮೂರೇ ಮಾತು. ಮುಂಗಡವೂ ಕೂಲಿಯೂ ಅವಳ ಹೆಸರಿನಲ್ಲಿ ಬೇರೆಯಾಗಿ ಬರೆಯಲ್ಪಡಲಿ. ಹೊರಡುವವರ ಪಟ್ಟಿ ಗ್ರಾಮ ಪಂಚಾಯಿತಿಯಲ್ಲಿ ಇರಲಿ. ತಂದೆತಾಯಿ ಮರಳುವವರೆಗೆ ಶಾಲೆಯ ಮಕ್ಕಳಿಗೆ ಊರಿನಲ್ಲೇ ಊಟ, ವಸತಿ ಸಿಗಲಿ. ಇಲ್ಲವಾದರೆ ತಾಯಿಯ ಹಿಂದೆ ಹೋದ ಹುಡುಗಿ ನಾಳೆ ತಾಯಿಯ ಬುಟ್ಟಿಯನ್ನೇ ಹೊರುತ್ತಾಳೆ.

ಮಿಲ್ವಾಕಿಯ ಗಂಡಸರು ಒಬ್ಬ ಹೆಣ್ಣುಮಗಳನ್ನು ಊರು ಬಿಡಿಸಿದರು. ನಾವು ಹಾಗಾಗುವುದು ಬೇಡ. ಮೇಸ್ತ್ರಿ ಮುಂದಿನ ಹಂಗಾಮಿನ ಪುಸ್ತಕ ಬಿಚ್ಚಿದಾಗ ಅವಳ ಪಕ್ಕದಲ್ಲಿ ನಿಂತು, ‘ಈಕೆಯ ಹೆಸರೂ ಬರೆಯಪ್ಪಾ’ ಎನ್ನೋಣ.